ಚಪ್ಪಾಳೆ ತಟ್ಟುವ ಕಂಪ್ಯೂಟರ್

ನಮ್ಮ ಆಫೀಸಿನ ಕಂಪ್ಯೂಟರ್ ಚಪ್ಪಾಳೆ ತಟ್ಟುತ್ತೆ. ಸುಳ್ಳಲ್ಲ ಸ್ವಾಮಿ, ಬೇಕಾದರೆ ಇಂದಿರಾನಗರಕ್ಕೆ ಬಂದು ಕೇಳಿಕೊಂಡು ಹೋಗಿ.

ವಿಮಾ ಕಂಪನಿಯಲ್ಲಿ ಗುಮಾಸ್ತ ನಾನು. ಹೊಸ ಸಾಫ್ಟ್‌ವೇರ್ ಬಂದಿದೆ, ಇನ್ಮೇಲೆ ಎಲ್ಲ ಕೆಲಸ ಅದರಲ್ಲೇ, ಎಲ್ಲರೂ ಆನ್‌ಲೈನ್ ಕೋರ್ಸ್ ಮಾಡ್ಬೇಕು ಅಂತ ಮೇಲಿನವರ ಅಪ್ಪಣೆ. ಐವತ್ತು ದಾಟಿದವರು ಓದ್ತಾರಾ? ಅದಕ್ಕೇ ಕೋರ್ಸನ್ನು ಆಟ ಮಾಡಿಬಿಟ್ಟಿದ್ದಾರೆ. ಡೌಟ್ ಕೇಳಿದರೆ ಪಾಯಿಂಟು, ಉತ್ತರ ಬರೆದರೆ ಪಾಯಿಂಟು, ಇನ್ನೊಬ್ಬರ ಬೆನ್ನು ತಟ್ಟಿದರೂ ಪಾಯಿಂಟು. ಪ್ರತಿ ಪಾಯಿಂಟಿಗೂ ಸ್ಪೀಕರಿನಿಂದ ಚಟಪಟ ಚಪ್ಪಾಳೆ. ಪಾಠ ಓದಿದರೆ? ಏನೂ ಇಲ್ಲ. (ಪರೀಕ್ಷೆಯೂ ಇಲ್ಲ.)

ನಮ್ಮವರಿಗೆ ಹೇಳಿಕೊಡ್ಬೇಕಾ? ಮದುವೆ ಮನೆಗಳಲ್ಲಿ ಮುಯ್ಯಿಗೆ ಮುಯ್ಯಿ ಮಾಡಿ ಬೆಳೆದ ಜನ. ನನ್ನ ಡೌಟಿಗೆ ನೀನು "ಸೂಪರ್ ಸರ್" ಅಂತ ಹಾಕು, ನಿನ್ನದಕ್ಕೆ ನಾನು ಹಾಕ್ತೀನಿ. ಪಕ್ಕದ ಟೇಬಲ್ಲಿನ ಗಿರಿಜಾ ಮೇಡಂ "ಕಾಫಿಗೆ ಬರ್ತೀರಾ?" ಅಂತ ಕೇಳೋದೂ ಕೋರ್ಸಿನ ಒಳಗೇ. ಅದೂ ಡೌಟೇ ತಾನೆ! ಹೀಗೆ ಆಡಿ ಆಡಿ ಕಗ್ಗದಾಸಪುರದ ನಮ್ಮ ಮೂರ್ತಿ ಬ್ರಾಂಚಿಗೇ ಫಸ್ಟ್. ಪರದೆಯ ಮೇಲೆ ಅವನ ಹೆಸರಿಗೊಂದು ಚಿನ್ನದ ಕಿರೀಟ ಬೇರೆ.

ಮೊನ್ನೆ ಅವನ ಕೌಂಟರಿಗೆ ಯಾದಗಿರಿ ಕಡೆಯ ಶರಣಮ್ಮ ಬಂದರು. ದೊಡ್ಡನೆಕ್ಕುಂದಿಯಲ್ಲಿ ಕಟ್ಟಡದ ಕೆಲಸ. ಗಂಡ ತೀರಿಹೋಗಿದ್ದಾನೆ, ಇವರ ಪಾಲಿಸಿಯಲ್ಲಿ ನಾಮಿನಿ ಮಾತ್ರ ಇನ್ನೂ ಅವನೇ. ಆ ಜಾಗದಲ್ಲಿ ಮಗಳ ಹೆಸರು ಹಾಕಿಸಬೇಕು.

"ನಾಳಿಗಿ ಮ್ಯಾಲಿನ ಮಾಳಿಗಿ ಮ್ಯಾಗ ಕೆಲಸ ಅದರಿ ಸರ. ನನಗೇನರ ಆದ್ರ ಹುಡುಗಿಗಿ ಯಾರ ಅದಾರ್ರಿ? ಇವತ್ತೇ ಮಾಡಿಕೊಡ್ರಿ."

ಮೂರ್ತಿ ಒಂದು ಬಟನ್ ಒತ್ತಿದ. ಇನ್ನೊಂದು ಒತ್ತಿದ. ಬೆವರು ಒರೆಸಿಕೊಂಡ. "ಗುರು, ನಾಮಿನಿ ಬದಲಾಯಿಸೋದು ಎಲ್ಲಿ?" ಅಂತ ನನ್ನ ಕಡೆ ತಿರುಗಿದ. ನನಗೇನು ಗೊತ್ತು? ಅದು ಪಾಠದಲ್ಲಿತ್ತು! ಕೊನೆಗೆ ಕಿರೀಟಧಾರಿ ತನಗೆ ಬರುವ ಒಂದೇ ವಿದ್ಯೆ ತೋರಿಸಿದ. ಕೋರ್ಸಿನಲ್ಲಿ ಡೌಟ್ ಹಾಕಿದ.

ತಕ್ಷಣ ಶುರುವಾಯ್ತು ನೋಡಿ. "ಒಳ್ಳೇ ಪ್ರಶ್ನೆ ಸರ್!" "ಹೀಗೇ ಮುಂದುವರೀರಿ!" ಗಿರಿಜಾ ಮೇಡಂದು "ಸೂಪರ್!" ಒಬ್ಬರಾದರೂ ಉತ್ತರ ಹೇಳಲಿಲ್ಲ. ಸ್ಪೀಕರಿನ ಚಪ್ಪಾಳೆ ಮಾತ್ರ ನಿಲ್ಲಲೇ ಇಲ್ಲ.

ಅದನ್ನು ಕೇಳಿ ಶರಣಮ್ಮನ ಮುಖ ಅರಳಿತು. ಎದ್ದು ನಿಂತು ಮೂರ್ತಿಗೆ ಕೈ ಮುಗಿದರು.

"ಆಯ್ತೇನ್ರೀ ಸರ? ನನ್ನ ಮಗಳ ಹೆಸರು ಬಂತೇನ್ರಿ?"