ಬ್ರೇಕಿಲ್ಲದ ಬೇರಿಂಗ್ ಗಾಡಿ

ನಮ್ಮ ದೇಶದವನೊಬ್ಬ ಮೊದಲ ಸಲ ಫಾರ್ಮುಲಾ ಒನ್ ಕಾರು ಓಡಿಸಿದ ಕಾಲವದು. ಊರಿಗಾಂ ಚಿನ್ನದ ಗಣಿ ಕಾರ್ಮಿಕರ ಲೈನುಮನೆಗಳ ಹುಡುಗರು ಕ್ರಿಕೆಟ್ ಬ್ಯಾಟನ್ನು ಅಟ್ಟಕ್ಕೆ ಎಸೆದಿದ್ದರು. ಅವನೂ ನಮ್ಮ ಹಾಗೆ ಅನ್ನ ಸಾರು ಉಂಡವನೇ ಅಲ್ಲವೇ ಎಂಬುದು ನಮ್ಮ ವಾದ. ಮನೆಮನೆಯ ಮುಂದೆ ಬೇರಿಂಗ್ ಗಾಡಿ: ಒಂದು ಹಲಗೆ, ಚಕ್ರಕ್ಕೆ ರಾಬರ್ಟ್‌ಸನ್‌ಪೇಟೆಯ ಗ್ಯಾರೇಜಿನಲ್ಲಿ ಕಾಡಿ ಬೇಡಿ ತಂದ ಹಳೆಯ ಬೇರಿಂಗು. ಕೈಗೆ ಮೆತ್ತಿದ ಗ್ರೀಸಿನ ವಾಸನೆ ಊಟದ ಮುದ್ದೆಗೂ ಹತ್ತುತ್ತಿತ್ತು.

ತಮ್ಮ ನಾಗೇಶನಿಗೆ ಎಂಟು, ನನಗೆ ಹನ್ನೊಂದು. ಅವನು ಡ್ರೈವರು, ನಾನು ತಳ್ಳುವವಳು. ಬ್ರೇಕು ಬೇಡವೆಂದ ಮಹಾ ಬುದ್ಧಿವಂತೆ ನಾನೇ! ದಾರಿ ತಪ್ಪಿದ ರೇಸ್ ಕಾರುಗಳು ಪಕ್ಕದ ಜಲ್ಲಿಯಲ್ಲಿ ಹೂತು ನಿಲ್ಲುವುದನ್ನು ಟಿವಿಯಲ್ಲಿ ನೋಡಿದ್ದೆ. ನಮ್ಮ ಇಳಿಜಾರಿನ ಕೊನೆಗೆ ಸೈನೈಡ್ ದಿಬ್ಬವಿತ್ತು. ಸೈನೈಡ್ ವಿಷ ಬೆರೆಸಿ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಮಣ್ಣು, ಹಿಟ್ಟಿನಷ್ಟು ಮೆತ್ತಗೆ. ಅದೇ ಗಾಡಿಯನ್ನು ನಿಲ್ಲಿಸುತ್ತದೆ ಅಂದುಕೊಂಡೆ.

ನಾಗೇಶ ಅಮ್ಮನ ಪಾತ್ರೆಯನ್ನು ತಲೆಗೆ ಕವುಚಿಕೊಂಡು ಕೂತ.

"ಬಯ ಆಯ್ತದೇನ್ಲಾ?"

"ನೀನಿದ್ದೀಯಲ್ಲಕ್ಕಾ. ತಳ್ಳು!"

ಜೋರಾಗಿ ತಳ್ಳಿದೆ. ಹಿಂದಿನ ದಿನದ ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಆ ಮಣ್ಣು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಗಾಡಿ ಢಬ್ಬೆಂದು ಬಡಿಯಿತು. ನಾಗೇಶ ಹಾರಿ ಅಂಗಾತ ಬಿದ್ದ. ಓಡಿ ಹೋಗಿ ನೋಡಿದರೆ ಕಣ್ಣು ಮುಚ್ಚಿದೆ, ಅಲುಗಾಟವಿಲ್ಲ. ತಮ್ಮನನ್ನು ಕೊಂದುಬಿಟ್ಟೆ ಅನ್ನಿಸಿ ಅವನ ಭುಜ ಹಿಡಿದು ಕುಲುಕಿದೆ.

"ನಾಗಾ, ಎದ್ದೇಳ್ಲಾ!"

ಒಂದು ಕಣ್ಣು ತೆರೆದ. "ಅಕ್ಕಾ, ನಾನೇ ಫಸ್ಟಾ?"

ಅವತ್ತು ಓಡಿದ್ದೇ ನಮ್ಮದೊಂದು ಗಾಡಿ! "ನೀನೇ ಕಣ್ಲಾ, ನೀನೇ" ಎಂದು ಅತ್ತು, ನಕ್ಕು, ಅವನನ್ನು ತಬ್ಬಿಕೊಂಡೆ. ಅಬ್ಬಾ, ಅಂಥ ನಿರಾಳ ಮತ್ತೆ ಕಂಡಿಲ್ಲ.

ಅಮ್ಮ ಓಡಿಬಂದಳು. "ಮಣ್ಣು ನುಂಗಿದ್ಯೇನ್ಲಾ? ಉಗಿ, ಉಗಿ!" ಎಂದು ಎರಡು ಬಿಂದಿಗೆ ನೀರಿನಲ್ಲಿ ಅವನ ಬಾಯಿ ತೊಳೆಸಿದಳು. ಹೋದದ್ದು ಒಂದು ಹಾಲುಹಲ್ಲು ಮಾತ್ರ. ನನ್ನ ಬೆನ್ನಿಗೆ ಬಿದ್ದ ಗುದ್ದುಗಳು ಆವತ್ತು ನೋಯಲೇ ಇಲ್ಲ.

ಈಗ ನಾಗೇಶ ಬಂಗಾರಪೇಟೆಯಲ್ಲಿ ಡ್ರೈವಿಂಗ್ ಕಲಿಸುತ್ತಾನೆ. ನನ್ನ ಮಗಳು, ನಮ್ಮ ದೇಶದ ಹುಡುಗಿಯೊಬ್ಬಳು ಹೊರದೇಶದಲ್ಲಿ ರೇಸ್ ಓಡಿಸಿದ್ದನ್ನು ಮೊಬೈಲಿನಲ್ಲಿ ನೋಡಿ, ತಾನೂ ಪುಟ್ಟ ರೇಸ್ ಗಾಡಿ ಓಡಿಸುವ ಕಾರ್ಟಿಂಗ್ ಕಲಿಯುತ್ತೇನೆಂದು ಹಟ ಹಿಡಿದಳು. ಹೆಲ್ಮೆಟ್ಟು, ಬೆಲ್ಟು, ಬ್ರೇಕು ಎಲ್ಲ ಇದೆ. ಆದರೂ ಒಪ್ಪಿಗೆ ಪತ್ರದ ಮುಂದೆ ಪೆನ್ನು ಹಿಡಿದು ಅರ್ಧ ಗಂಟೆ ಕೂತೆ.

"ಸೈನ್ ಆಕಕ್ಕಾ, ನಾನೇನ್ ಸತ್ತೋದ್ನಾ?" ಎಂದ ನಾಗೇಶ.

ಹಾಕಿದೆ. ಅಕ್ಷರ ಸೊಟ್ಟಗಾಯಿತು. ಗಾಡಿ ತಳ್ಳಿದ ಹನ್ನೊಂದರ ಆ ಹುಡುಗಿಗಿದ್ದ ಎದೆಗಾರಿಕೆ ಅವತ್ತೇ ದಿಬ್ಬದ ಹತ್ತಿರ ಉಳಿದುಹೋಯಿತು, ನನ್ನ ಜೊತೆ ಮನೆಗೆ ಬರಲಿಲ್ಲ.