ಏಳುಗುಂಡಿನ ಬಂಡಿದಾರಿ

ಬೆಂಗಳೂರಿನಿಂದ ಬೆಳಿಗ್ಗೆ ಹೊರಡುವ ಪ್ಯಾಸೆಂಜರ್ ರೈಲು ಮಾಲೂರು ದಾಟಿದ ಮೇಲೆ ಒಂದು ಪುಟ್ಟ ಸ್ಟೇಷನ್ನಿನಲ್ಲಿ ಒಂದೇ ಒಂದು ನಿಮಿಷ ನಿಲ್ಲುತ್ತದೆ. ಆ ಒಂದು ನಿಮಿಷಕ್ಕಾಗಿ ಬಂಡಪಲ್ಲಿಯ ಭಾರತಮ್ಮ ಮೂರು ವರ್ಷ, ಮಳೆ ಇರಲಿ ಚಳಿ ಇರಲಿ, ಪ್ರತಿ ಭಾನುವಾರ ಅರ್ಧ ಗಂಟೆ ಮುಂಚೆಯೇ ಬಂದು ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದಳು. ಕೈಯಲ್ಲೊಂದು ಕೋಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬರಿಗಾಲು. ರೈಲಿನಿಂದ ಇಳಿಯುವವರೋ, ಬಣ್ಣಬಣ್ಣದ ಬೂಟು ಹಾಕಿಕೊಂಡು ಬೆನ್ನಿಗೆ ಚೀಲ ಕಟ್ಟಿಕೊಂಡ ಬೆಂಗಳೂರಿನ ಜನ. ಇಪ್ಪತ್ತು ಜನ, ಕೆಲವು ಸಲ ಮೂವತ್ತು. ಅವರನ್ನು ಏಳುಗುಂಡು ಬೆಟ್ಟ ಹತ್ತಿಸಿ, ಇಳಿಸಿ, ಸಂಜೆಯ ರೈಲಿಗೆ ಕೂರಿಸುವುದು ಅವಳ ಕೆಲಸ.

ಬೆಟ್ಟ ಅಂದ ತಕ್ಷಣ ಹಸಿರು, ಮಂಜು, ತೊರೆ ಅಂತೆಲ್ಲ ಅಂದುಕೊಳ್ಳಬೇಡಿ. ನಮ್ಮ ಕಡೆ ಬೆಟ್ಟ ಅಂದರೆ ಕಲ್ಲು. ಕಲ್ಲಿನ ಮೇಲೆ ಕಲ್ಲು, ಅದರ ಮೇಲೆ ಇನ್ನೊಂದು ಗುಂಡು, ಈಗ ಉರುಳೀತು ಆಗ ಉರುಳೀತು ಅನ್ನಿಸುವಂತೆ ಕೂತಿರುತ್ತದೆ. ಸಂದಿಯಲ್ಲಿ ಸೀತಾಫಲದ ಗಿಡ, ಲಂಟಾನ, ಮೇಲೆ ಹೋದರೆ ಬೇಸಿಗೆಯಲ್ಲೂ ಬತ್ತದ ಒಂದು ದೊಣೆ ನೀರು. ಅಷ್ಟೇ. ಆದರೆ ಆ ಕಲ್ಲಿನ ಮೈಯೆಲ್ಲ ಭಾರತಮ್ಮನಿಗೆ ಗೊತ್ತಿತ್ತು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಹದಿನೆಂಟು ವರ್ಷ ತಲೆ ಮೇಲೆ ಇಟ್ಟಿಗೆ ಹೊತ್ತು, ಕತ್ತು ತಿರುಗದ ಹಾಗಾದ ಮೇಲೆ ಆ ಕೆಲಸ ಬಿಟ್ಟು ನಾಲ್ಕು ಮೇಕೆ ಕಟ್ಟಿಕೊಂಡವಳು ಅವಳು. ಗಂಡ ಆಗಲೇ ತೀರಿಹೋಗಿದ್ದ. ಮಗಳು ಸುನಂದ ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಶಿಫ್ಟಿಗೆ ಹೋಗುವವಳು. ಹಗಲೆಲ್ಲ ಬೆಟ್ಟ, ಮೇಕೆ, ಭಾರತಮ್ಮ, ಈ ಮೂರೇ.

ಒಂದು ಭಾನುವಾರ ದಾರಿ ತಪ್ಪಿ ಲಂಟಾನದ ಪೊದೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಐದು ಜನ ಹೆಂಗಸರನ್ನು ಅವಳು ಕೈಹಿಡಿದು ಮೇಲೆ ಹತ್ತಿಸಿದಳು. ಜಾರುಬಂಡೆ ಬಂದಾಗ ಅವರ ಬೂಟು ಬಿಚ್ಚಿಸಿದಳು. ರಬ್ಬರು ಜಾರುತ್ತದೆ, ಅಂಗಾಲು ಕಚ್ಚಿ ಹಿಡಿಯುತ್ತದೆ ಅಂತ ತೋರಿಸಿಕೊಟ್ಟಳು. ಆ ಐವರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಘನ ಅನ್ನುವವಳು ಒಬ್ಬಳು. ರೈಲಿನಲ್ಲಿ ಬಂದು ಬೆಟ್ಟ ಹತ್ತಿ ಸಂಜೆ ವಾಪಸಾಗುವ ಗುಂಪೊಂದನ್ನು ಅವಳೇ ನಡೆಸುತ್ತಿದ್ದಳು. ಭಾರತಮ್ಮನ ಫೋಟೋ ತೆಗೆದು ಫೋನಿನಲ್ಲಿ ಹಾಕಿ, ಕೆಳಗೆ 'ಭಾರತಮ್ಮನ ಬೆಟ್ಟ' ಅಂತ ಬರೆದಳು. ಮುಂದಿನ ವಾರ ಹದಿನೈದು ಜನ ಇಳಿದರು.

ಗೂಡಿನಲ್ಲಿ ಹದಿನೆಂಟು ವರ್ಷವೂ ಅವಳನ್ನು ಕರೆದಿದ್ದು 'ಏಯ್' ಅಂತ. ಈಗ ರೈಲಿನ ಬಾಗಿಲಿನಿಂದಲೇ ಭಾರತಮ್ಮಾ ಅಂತ ಕೂಗುತ್ತಿದ್ದರು. ಐವತ್ತೆರಡನೇ ವಯಸ್ಸಿನಲ್ಲಿ ಒಬ್ಬ ಹೆಂಗಸಿಗೆ ತನ್ನ ಹೆಸರು ಸಿಗುವುದು ಅಂದರೆ ಏನು ಅಂತ ಸಿಕ್ಕವರಿಗೇ ಗೊತ್ತು. ಊರಿನಲ್ಲಿ ಕೆಲವರು ಮೂಗು ಮುರಿದರು, ಮೇಕೆ ಬಿಟ್ಟು ಮನುಷ್ಯರನ್ನು ಮೇಯಿಸೋಕೆ ಹೊರಟಳು ಅಂತ ಆಡಿಕೊಂಡರು. ಅವಳು ಅದನ್ನೆಲ್ಲ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಆದರೆ ಬೆಟ್ಟದ ಬುಡಕ್ಕೆ ಹೋಗುವ ಕಾಲುದಾರಿ ವೆಂಕಟರಮಣಪ್ಪನ ಹಿಪ್ಪುನೇರಳೆ ತೋಟದ ನಡುವೆ ಹಾದುಹೋಗುತ್ತಿತ್ತು. ವೆಂಕಟರಮಣಪ್ಪ ವರಸೆಯಲ್ಲಿ ಅವಳಿಗೆ ಬಾವ, ಗಂಡನ ದೊಡ್ಡಪ್ಪನ ಮಗ. ರೇಷ್ಮೆಹುಳು ಸಾಕುವವನು. ಒಂದು ಭಾನುವಾರ ಬೆಂಗಳೂರಿನವರು ಆ ತೋಟದಲ್ಲಿ ನಿಂತು, ಸೊಳ್ಳೆ ಕಚ್ಚಬಾರದು ಅಂತ ಕೈಕಾಲಿಗೆಲ್ಲ ಎಂಥದೋ ಡಬ್ಬಿಯಿಂದ ಬುಸ್ ಅಂತ ಹೊಡೆದುಕೊಂಡರು. ಆ ಸೊಪ್ಪನ್ನೇ ಸಂಜೆ ಕೊಯ್ದು ಹುಳುವಿಗೆ ಹಾಕಿದರು. ಪೊರೆ ಬಿಡುವ ಮುಂಚೆ ಹುಳು ಮಲಗುವ ನಾಲ್ಕನೇ ಜ್ವರವನ್ನೂ ಮುಗಿಸಿ, ಇನ್ನೇನು ಗೂಡು ಕಟ್ಟಬೇಕಿದ್ದ ಹುಳು ಮೂರೇ ದಿನದಲ್ಲಿ ತಟ್ಟೆ ತಟ್ಟೆಯೇ ಸತ್ತುಬಿದ್ದವು. ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ ಹೇಳಿ. ವೆಂಕಟರಮಣಪ್ಪ ಜಗಳಕ್ಕೆ ಬರಲಿಲ್ಲ. ಕಲ್ಲುಕಂಬ ನೆಟ್ಟ, ಮುಳ್ಳುತಂತಿ ಎಳೆದ, ದಾರಿ ಮುಚ್ಚಿದ.

ಆವತ್ತೇ ಅವಳು ಹೋಗಿ ಬಾವನ ಕೈಕಾಲು ಹಿಡಿದು, ಇನ್ನು ಮೇಲೆ ಡಬ್ಬಿ ಗಿಬ್ಬಿ ಎಲ್ಲ ಸ್ಟೇಷನ್ನಿನಲ್ಲೇ ಇಡಿಸುತ್ತೇನೆ ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳಿಗೂ ಆಗ ತಲೆ ನಿಂತಿರಲಿಲ್ಲ. ಎರಡು ಭಾನುವಾರ ಜನ ಬೇಲಿಯ ತನಕ ಬಂದು ವಾಪಸ್ ಹೋಗಿದ್ದರು. ಮೂರನೇ ವಾರ ಬರುತ್ತಾರೋ ಇಲ್ಲವೋ ಅನ್ನುವ ಭಯ ಹಿಡಿದುಕೊಂಡಿತ್ತು. ಮಾಲೂರಿಗೆ ಹೋಗಿ, ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆದುಕೊಡುವ ಉಮಾಶಂಕರನ ಮುಂದೆ ಕೂತಳು.

ಉಮಾಶಂಕರ್ ಕೇಳಿಸಿಕೊಂಡು ನಕ್ಕ. "ಕಾಲುದಾರಿ ಅಂತ ಬರೆದ್ರೆ ಅರ್ಜಿ ಕಸದ ಬುಟ್ಟಿಗೆ ಹೋಗುತ್ತಮ್ಮ. ಬಂಡಿದಾರಿ ಅಂತ ಬರೀಬೇಕು. ತಾತನ ಕಾಲದಿಂದ ಎತ್ತಿನಬಂಡಿ ಓಡಾಡ್ತಿದ್ವು ಅಂತ ಹತ್ತು ಜನ ಹೇಳಿದ್ರೆ ಸಾಕು, ಬೇಲಿ ತಾನಾಗೇ ಬೀಳುತ್ತೆ," ಅಂದ.

ಬಂಡಿದಾರಿ! ಆ ದಾರಿಯಲ್ಲಿ ಎರಡು ಮೇಕೆ ಜೊತೆಯಾಗಿ ಹೋಗುವುದೇ ಕಷ್ಟವಿತ್ತು. ಮನೆಯಲ್ಲಿ ಸುನಂದ ಅರ್ಜಿ ಓದಿ ಅವ್ವನ ಮುಖವನ್ನೇ ನೋಡಿದಳು. "ಇಲ್ಲದಿರೋ ಬಂಡೀನ ಯಾಕವ್ವಾ ಓಡಿಸ್ತೀಯ?" ಅಂದಳು. ಭಾರತಮ್ಮನಿಗೆ ಸಿಟ್ಟು ಬಂತು. ನಮ್ಮೂರಿನ ಕಡೆ ಇದೆಲ್ಲ ಸುಳ್ಳಿನ ಲೆಕ್ಕಕ್ಕೇ ಬರುವುದಿಲ್ಲ, ಕಾಗದಕ್ಕೆ ಹೇಗೆ ಹೇಳಬೇಕೋ ಹಾಗೆ ಹೇಳುವುದು, ಅಷ್ಟೇ. ರೇಷನ್ ಕಾರ್ಡಿಗೆ ಒಂದು, ಸ್ಕೂಲಿಗೆ ಒಂದು, ಕಚೇರಿಗೆ ಒಂದು. ಅವಳು ಮನೆಮನೆಗೆ ಹೋಗಿ ಹನ್ನೊಂದು ಜನರನ್ನು ಒಪ್ಪಿಸಿದಳು.

ರೆವಿನ್ಯೂ ಇನ್ಸ್‌ಪೆಕ್ಟರು ಮಹಜರಿಗೆ ಬಂದ ದಿನ ಊರೇ ತೋಟದ ಹತ್ತಿರ ನಿಂತಿತ್ತು. ಬಂಡಿ ಓಡಾಡಿದ್ದನ್ನು ಕಂಡವರು ಯಾರು ಅಂತ ಅವರು ಕೇಳಿದಾಗ ಎಲ್ಲರೂ ಭಾರತಮ್ಮನ ಕಡೆ ನೋಡಿದರು. ಅವಳ ಬಾಯಿಗೆ ಆವತ್ತು ಎಲ್ಲಿಂದ ಬಂತೋ ಅಂಥ ಮಾತು. ತನ್ನ ಅತ್ತೆಯ ಮದುವೆ ದಿಬ್ಬಣ ಎರಡು ಬಂಡಿಯಲ್ಲಿ ಇದೇ ದಾರಿಯಲ್ಲಿ ಬಂತು, ಒಂದು ಬಂಡಿಯ ಅಚ್ಚು ಮುರಿಯಿತು, ದಿಬ್ಬಣದವರೆಲ್ಲ ಅಗೋ ಆ ಹುಣಸೆಮರದ ಕೆಳಗೇ ಊಟ ಮಾಡಿದರು, ಅತ್ತೆ ಸಾಯುವ ತನಕ ಅದನ್ನೇ ಹೇಳುತ್ತಿದ್ದಳು, ತಾನೂ ಮದುವೆಯಾಗಿ ಬಂದ ಹೊಸದರಲ್ಲಿ ಬಂಡಿ ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ ಅಂದಳು. ಅತ್ತೆ ಮದುವೆಯಾಗಿ ಬಂದಿದ್ದು ಪಕ್ಕದ ಊರಿನಿಂದ, ನಡೆದುಕೊಂಡು, ತಲೆ ಮೇಲೆ ಗಂಟು ಹೊತ್ತು.

ವೆಂಕಟರಮಣಪ್ಪ ಎಲ್ಲ ಕೇಳಿಸಿಕೊಂಡ. ಕೊನೆಗೆ ಅವಳ ಕಡೆ ತಿರುಗಿ, "ಆ ಬಂಡೀಲಿ ನಾನೂ ಇದ್ನೇನಮ್ಮ?" ಅಂತಷ್ಟೇ ಕೇಳಿದ.

ಮಹಜರು ಓದಿ ಹೇಳಿದರು. ಬೇರೆಯವರು ಹೆಬ್ಬೆಟ್ಟು ಒತ್ತಿದರೆ ಭಾರತಮ್ಮ ಮಹಿಳಾ ಸಂಘದಲ್ಲಿ ಕಲಿತ ಅಕ್ಷರದಲ್ಲಿ ನೆಟ್ಟಗೆ ಸಹಿ ಮಾಡಿದಳು. ತಿಂಗಳ ನಂತರ ಬೇಲಿ ಕಿತ್ತರು. ಬೇಲಿ ಮಾತ್ರ ಕಿತ್ತಿದ್ದರೆ ಆಗುತ್ತಿತ್ತು. ಬಂಡಿದಾರಿ ಅಂದ ಮೇಲೆ ಬಂಡಿಗೆ ಬೇಕಾದಷ್ಟು ಅಗಲ ಬೇಡವೇ? ಜೆಸಿಬಿ ತಂದು ತೋಟದ ನಡುವೆ ಇಪ್ಪತ್ತಡಿ ಅಗಲಕ್ಕೆ ಹಿಪ್ಪುನೇರಳೆಯನ್ನು ಬೇರು ಸಮೇತ ಎತ್ತಿ ಹಾಕಿದರು. ತಾನು ಕೇಳಿದ್ದು ಇಷ್ಟಲ್ಲ ಅಂತ ಹೇಳಬೇಕು ಅನ್ನಿಸಿತು ಅವಳಿಗೆ. ಮೇಕೆ ಹೊಡೆದುಕೊಂಡು ಬೆಟ್ಟದ ಕಡೆ ಹೋದಳು.

ಆಮೇಲೆ ಒಂದು ವರ್ಷ ಅವಳ ಭಾನುವಾರಗಳು ಚೆನ್ನಾಗಿಯೇ ನಡೆದವು. ಅಗಲ ದಾರಿಯಲ್ಲಿ ಬೆಂಗಳೂರಿನವರು ಸಾಲಾಗಿ ಹಾಡಿಕೊಂಡು ಬರುತ್ತಿದ್ದರು. ಮೇಲೆ ದೊಣೆಯ ಪಕ್ಕದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು, ಅವಳಿಗೂ ಒಂದು ತುತ್ತು ಇಡುತ್ತಿದ್ದರು. ಬಾವ ಎದುರಿಗೆ ಸಿಕ್ಕರೆ ಮಾತ್ರ ಅವಳು ತಲೆ ತಗ್ಗಿಸಿ ಹೋಗುತ್ತಿದ್ದಳು.

ಹೋದ ದೀಪಾವಳಿ ಕಳೆದ ಮೇಲೆ ಒಂದು ಜೀಪು ಬಂತು. ಇಳಿದವರು ಬೆಟ್ಟದ ಬುಡದಲ್ಲಿ ಟೇಪು ಹಿಡಿದರು, ಕಲ್ಲಿನ ಮೇಲೆ ಕೆಂಪು ಬಣ್ಣ ಬಳಿದರು. ಮೇಕೆ ಮೇಯಿಸುತ್ತಿದ್ದ ಭಾರತಮ್ಮ ಏನು ಅಂತ ಕೇಳಿದಳು. ಅವರಲ್ಲೊಬ್ಬ ಹೆಸರು ಕೇಳಿದ, ಹೇಳಿದಳು. ಅವನ ಮುಖ ಅರಳಿತು. ಕೈಯಲ್ಲಿದ್ದ ಫೈಲು ತಿರುವಿ ಅವಳ ಸಹಿಯನ್ನು ಅವಳಿಗೇ ತೋರಿಸಿದ.

"ಓ, ನೀವೇನಾ ಭಾರತಮ್ಮ! ಆರು ವರ್ಷದಿಂದ ಈ ಬೆಟ್ಟದ ಕಲ್ಲುಕ್ವಾರಿ ನಿಂತುಹೋಗಿತ್ತಮ್ಮ, ಲಾರಿ ಬರೋಕೆ ದಾರಿ ಇಲ್ಲ ಅಂತ. ಆ ತೋಟದ ಯಜಮಾನ್ರ ಮನೆಗೆ ಮೂರು ಸಲ ಹೋಗಿ ಕೇಳಿದ್ವಿ, ಒಂದಡಿ ಜಾಗ ಬಿಡಲಿಲ್ಲ. ನಿಮ್ಮಿಂದ ಕೆಲಸ ಆಯ್ತು," ಅಂದ.

ಕಾಲ ಕೆಳಗಿನ ಕಲ್ಲೇ ಜಾರಿದಂತಾಯಿತು ಭಾರತಮ್ಮನಿಗೆ. ಬಾವ ಇದನ್ನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ. ಆರು ವರ್ಷ ಆ ಬೆಟ್ಟವನ್ನು ಕಾದಿದ್ದು ಅವನ ತೋಟ. ಅದಕ್ಕೆ ಇಪ್ಪತ್ತಡಿ ಬಾಗಿಲು ತೆಗೆಸಿಕೊಟ್ಟವಳು ತಾನು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವುದು ಅಂದರೆ ಇದಕ್ಕಿಂತ ಬೇರೆ ಇದೆಯೇ?

ಮಾರನೇ ದಿನವೇ ತಾಲ್ಲೂಕು ಕಚೇರಿಗೆ ಓಡಿದಳು. ತಾನು ಹೇಳಿದ್ದು ಸುಳ್ಳು, ಯಾವ ಬಂಡಿಯೂ ಇರಲಿಲ್ಲ, ಬರೆದುಕೊಳ್ಳಿ ಅಂದಳು. ಅಲ್ಲಿನ ಗುಮಾಸ್ತರು ಸಮಾಧಾನದಿಂದಲೇ ವಿವರಿಸಿದರು. ಆದ ಆದೇಶ ಹಾಗೆಲ್ಲ ತಿರುಗುವುದಿಲ್ಲ, ಸುಳ್ಳು ಸಾಕ್ಷಿ ಹೇಳಿದೆ ಅಂತ ಅವಳೇ ಬರೆದುಕೊಟ್ಟರೆ ಅವಳ ಮೇಲೂ, ಉಳಿದ ಹನ್ನೊಂದು ಜನರ ಮೇಲೂ ಕೇಸಾಗುತ್ತದೆ, ದಾರಿ ಮಾತ್ರ ದಾರಿಯಾಗಿಯೇ ಇರುತ್ತದೆ. ಹೊರಗೆ ಉಮಾಶಂಕರ್ ಇನ್ಯಾರಿಗೋ ಅರ್ಜಿ ಬರೆಯುತ್ತಿದ್ದ. ಅವಳನ್ನು ಕಂಡು ಇನ್ನಷ್ಟು ಬಗ್ಗಿ ಬರೆಯತೊಡಗಿದ.

ಉಳಿದಿದ್ದು ಬಾವ. ಹೋಗುವುದಕ್ಕೆ ಅವಳಿಗೆ ಎಂಟು ದಿನ ಬೇಕಾಯಿತು. ವೆಂಕಟರಮಣಪ್ಪ ಹುಳುಮನೆಯ ಮುಂದೆ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ.

"ಬಾವ, ನನ್ನಿಂದ ತಪ್ಪಾಯ್ತು. ನೀವು ಬೇಲಿ ಹಾಕಿ. ಊರೋರನ್ನೆಲ್ಲ ನಾನು ಕರ್ಕೊಂಡು ಬಂದು ಅಡ್ಡ ನಿಲ್ತೀನಿ," ಅಂದಳು.

ಅವನು ತಟ್ಟೆ ಕೆಳಗಿಟ್ಟ. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಬೇಲಿ ಹಾಕೋಕೆ ತೋಟ ಎಲ್ಲಮ್ಮ ಐತೆ? ಇನ್ನು ಕಲ್ಲುಧೂಳು ಬೀಳೋ ಸೊಪ್ಪು ಹುಳ ತಿಂತಾವಾ? ಉಳಿದಿದ್ದೂ ಕ್ವಾರಿಯೋರಿಗೇ ಕೊಟ್ಟುಬಿಟ್ಟೆ, ಮೊನ್ನೆ ಸೋಮವಾರ," ಅಂದ. ಕಾಫಿ ಕುಡಿದು ಹೋಗು ಅಂತಲೂ ಅಂದ.

ಸಂಕ್ರಾಂತಿ ಮುಗಿದ ವಾರ ಬಂಡೆಗೆ ಮೊದಲ ಸಿಡಿಮದ್ದು ಹೊಡೆದರು. ಏಳು ಗುಂಡಿನಲ್ಲಿ ಒಂದು ಹೋಯಿತು. ಮೇಕೆಗಳು ಹಗ್ಗ ಕಿತ್ತುಕೊಂಡು ಓಡಿದವು. ಸುನಂದ ಅವ್ವನ ಪಕ್ಕ ಬಂದು ಕೂತಳು.

ಇನ್ನೊಂದೇ ಒಂದು ಆಸೆ ಉಳಿದಿತ್ತು ಭಾರತಮ್ಮನಿಗೆ. ಮೇಘನ. ಮೂರು ವರ್ಷದಲ್ಲಿ ಈ ಬೆಟ್ಟ ಹತ್ತಿದವರು ಸಾವಿರ ಜನವಾದರೂ ಇದ್ದಾರು. ಓದಿದವರು, ಇಂಗ್ಲಿಷ್ ಬಲ್ಲವರು, ದೊಡ್ಡದೊಡ್ಡ ಕೆಲಸದಲ್ಲಿರುವವರು. ಅವರೆಲ್ಲ ಒಂದು ದಿನ ಬಂದು ಆ ದಾರಿಯಲ್ಲಿ ಕೂತುಬಿಟ್ಟರೆ ಲಾರಿ ಹೇಗೆ ಹೋಗುತ್ತದೆ? ಶನಿವಾರ ಪೂರ್ತಿ ಅವಳು ಹೇಳಬೇಕಾದ ಮಾತನ್ನು ಬಾಯಲ್ಲೇ ಉರುಹೊಡೆದಳು. ತನ್ನ ಸುಳ್ಳನ್ನೂ ಸೇರಿಸಿ ಎಲ್ಲ ಹೇಳಿಬಿಡುವುದು, ಆಮೇಲೆ ಕೇಳಿಕೊಳ್ಳುವುದು.

ಭಾನುವಾರ ರೈಲು ಬಂತು. ಮೇಘನ ಮತ್ತು ಅವಳ ಹಿಂದೆ ನಾಲ್ಕೈದು ಜನ ಪ್ಲಾಟ್‌ಫಾರ್ಮಿಗೆ ಇಳಿದರು. ಭಾರತಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಉರುಹೊಡೆದಿದ್ದೆಲ್ಲ ಮರೆತುಹೋಗಿ, ಬೆಟ್ಟ ಒಡೀತಾವ್ರೆ, ಏನಾದರೂ ಮಾಡಿ ಅಂತಷ್ಟೇ ಬಾಯಿಗೆ ಬಂತು. ಮೇಘನ ಅಯ್ಯೋ ಅಂದಳು. ನಿಜವಾಗಿಯೂ ಅವಳ ಕಣ್ಣು ತುಂಬಿತು, ಅದರಲ್ಲಿ ಕಪಟ ಇರಲಿಲ್ಲ. ಅಷ್ಟರಲ್ಲಿ ಹಿಂದಿದ್ದವರೊಬ್ಬರು ಫೋನು ನೋಡಿ, ಇದೇ ರೈಲಿನಲ್ಲಿ ಬಂಗಾರಪೇಟೆ ತನಕ ಹೋದರೆ ಕೋಲಾರಕ್ಕೆ ಬಸ್ಸಿದೆ, ಅಲ್ಲಿ ಬೆಟ್ಟಕ್ಕೇನೂ ಬರವಿಲ್ಲ ಅಂದರು. ಹಾರ್ನ್ ಆಯಿತು.

"ಬೇಜಾರ್ ಮಾಡ್ಕೋಬೇಡಿ ಭಾರತಮ್ಮ, ಬೇರೆ ಬೆಟ್ಟ ಇದೆ," ಅಂದಳು ಮೇಘನ. "ನೀವೂ ಬನ್ನಿ ನಮ್ಮ ಜೊತೆ, ಹತ್ತಿ."

ಬೇರೆ ಬೆಟ್ಟ. ಭಾರತಮ್ಮನಿಗೆ ಆ ಮಾತು ಅರ್ಥವಾಗುವ ಹೊತ್ತಿಗೆ ಕೈ ಬಿಟ್ಟುಹೋಗಿತ್ತು. ಅವರೆಲ್ಲ ಓಡಿ ಹತ್ತಿದರು. ಬಾಗಿಲಲ್ಲಿ ನಿಂತು ಕೈ ಬೀಸಿದರು, ಅವಳೂ ಬೀಸಿದಳು. ರೈಲು ತಿರುವಿನಲ್ಲಿ ಮರೆಯಾಯಿತು.

ಕೋಲು ಹಿಡಿದು ಮನೆ ಕಡೆ ನಡೆದಳು. ಟಾರು ರಸ್ತೆಗೆ ಬಂದಾಗ ಹಿಂದಿನಿಂದ ಒಂದು ಖಾಲಿ ಟಿಪ್ಪರ್ ಲಾರಿ ಬಂದು ಪಕ್ಕದಲ್ಲೇ ನಿಂತಿತು. ಮುಳಬಾಗಿಲಿನ ಕಡೆಯ ಡ್ರೈವರು, ಹೊಸಬ. ತಲೆ ಹೊರಗೆ ಹಾಕಿ, ಏಳುಗುಂಡಿನ ಬಂಡಿದಾರಿ ಎಲ್ಲಿ ಬರುತ್ತದೆ ಅಂತ ತೆಲುಗಿನಲ್ಲಿ ಮರ್ಯಾದೆಯಿಂದ ಕೇಳಿದ. ಬೆಳಗಿನಿಂದ ಎರಡು ಸಲ ದಾರಿ ತಪ್ಪಿದ್ದನಂತೆ.

ಮೂರು ವರ್ಷ ದಾರಿ ತೋರಿಸಿದ ಕೈ. ಭಾರತಮ್ಮ ಕೋಲೆತ್ತಿ ಹುಣಸೆಮರದ ಕಡೆ ತೋರಿಸಿದಳು. ಅಲ್ಲಿ ಎಡಕ್ಕೆ ತಿರುಗು, ಅಗಲವಾಗಿದೆ, ಲಾರಿ ಹೋಗುತ್ತದೆ ಅಂದಳು.