ಮುಂದಿನ ಸೀಟಿನ ಮಾತು

ನಮ್ಮ ಸೈಕಲ್ಲಿಗೆ ಎರಡು ಸೀಟು. ಮುಂದೆ ನಾನು, ಹಿಂದೆ ಅಕ್ಕನ ಗಂಡ. ಭಾವ ಮಗ್ಗದಲ್ಲಿ ನೇಯುತ್ತಿದ್ದವರು; ಕಣ್ಣು ಪೂರ್ತಿ ಹೋದ ಮೇಲೆ ಮನೆಯಲ್ಲೇ ಕುಳಿತುಬಿಟ್ಟಿದ್ದರು. ಕೊಯಮತ್ತೂರಿನಲ್ಲಿ ನಾನು ಕೆಲಸ ಮಾಡುವ ಪಂಪ್ ವರ್ಕ್‌ಶಾಪಿನಲ್ಲಿ ಎರಡು ಹಳೆಯ ಸೈಕಲ್ ಕತ್ತರಿಸಿ, ಬೆಸುಗೆ ಹಾಕಿ ಇದನ್ನು ಮಾಡಿದೆ. ಹ್ಯಾಂಡಲ್, ಬ್ರೇಕು ನನ್ನ ಕೈಯಲ್ಲಿ. ತುಳಿಯುವುದು ಇಬ್ಬರೂ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದೂ ನನ್ನ ಕೆಲಸವೇ.

ಇದರಲ್ಲೇ ಸೈಕಲ್ ರೇಸಿಗೂ ಇಳಿದೆವು. ರೇಸಿನಲ್ಲಿ ಸುತ್ತಲಿನವರೆಲ್ಲ ತಮಿಳಿನಲ್ಲಿ ಕೂಗುತ್ತಾರೆ. ಆ ಗದ್ದಲದಲ್ಲಿ ನನ್ನ ದನಿ ಭಾವನಿಗೆ ಗುರುತಾಗುತ್ತಿರಲಿಲ್ಲ. ಹಾಗಾಗಿ ಮನೆಯೊಳಗೆ ಮಾತ್ರ ಆಡುವ ಕನ್ನಡವನ್ನು ರಸ್ತೆಗೆ ತಂದೆವು. ಗುಂಡಿ, ಬಲಕ್ಕೆ, ಏರು, ಕಾಲು ನಿಲ್ಲಿಸಿ. ಕನ್ನಡ ಕೇಳಿಸಿದರೆ ಅದು ನಾನೇ.

ಈ ವರ್ಷ ಮೂರು ರೇಸು ಓಡಿದೆವು. ಜೋಡಿ ಸೈಕಲ್ಲಿಗೆಂದು ಬೇರೆ ವಿಭಾಗವಿರಲಿಲ್ಲ. ಒಂಟಿ ಸವಾರರ ನಡುವೆಯೇ ಓಡಬೇಕು. ಅವಿನಾಶಿ ಕಡೆ ನಡೆದದ್ದರಲ್ಲಿ ಎಲ್ಲರಿಗಿಂತ ಕೊನೆಗೆ ಬಂದೆವು. ಪಲ್ಲಡಂ ಆಚೆಯ ಎರಡನೆಯ ರೇಸಿನಲ್ಲಿ, ಗಾಳಿಯಂತ್ರಗಳ ನಡುವೆ, ಎದುರುಗಾಳಿಗೆ ಉಳಿದವರು ಬಾಗಿ ಏದುಸಿರು ಬಿಡುತ್ತಿದ್ದಾಗ ನಾಲ್ಕು ಕಾಲಿನ ನಾವು ಒಬ್ಬೊಬ್ಬರನ್ನೇ ಹಿಂದೆ ಹಾಕಿದೆವು. ನಾವು ದಾಟಿದವನ ಅಂಗಿಯ ಬಣ್ಣ ಹೇಳಿದರೆ ಭಾವನಿಗೆ ಸಾಲದು. ಮುಖ ಹೇಗಾಗಿದೆ ಅಂತ ಕೇಳುವರು. ಆ ದಿನದ ಹೆಮ್ಮೆ ಇನ್ನೂ ಇಳಿದಿಲ್ಲ.

ಮೂರನೆಯದು ಮೆಟ್ಟುಪಾಳ್ಯಂನಲ್ಲಿ, ಬೆಟ್ಟದ ಬುಡದಿಂದ ಸ್ವಲ್ಪ ಏರಿ ಮರಳುವ ದಾರಿ. ಇಳಿಜಾರಿನ ಎರಡನೆಯ ತಿರುವಿನಲ್ಲಿ ಮುಂದಿದ್ದವನ ಚಕ್ರ ಮರಳಿನ ಮೇಲೆ ಜಾರಿತು. ಸೈಕಲ್ ಒಂದು ಕಡೆ ಹೋಯಿತು, ಅವನು ತಡೆಗೋಡೆಯ ಕಡೆ. ಹೆಲ್ಮೆಟ್ಟು ಕಲ್ಲಿಗೆ ಬಡಿದದ್ದನ್ನು ನಾನು ನೋಡಿದೆ. ಕಾಲು ನಿಲ್ಲಿಸಿ ಅಂದೆ, ಭಾವ ನಿಲ್ಲಿಸಿದರು. ಅವನ ಪಕ್ಕದ ಕಿರಿದಾದ ಜಾಗದಲ್ಲಿ ನುಸುಳಿ, ಮುಂದೆ ಹೋಗಿ ನಿಂತೆವು. ರಸ್ತೆ ಕಾಯುತ್ತಿದ್ದವರು ಓಡಿಬಂದರು. ಅವನು ಎದ್ದು ಕೂತು ಭುಜ ಹಿಡಿದುಕೊಂಡ. ನಮಗೆ ಹೋಗಿ ಎಂದು ಕೈ ಬೀಸಿದರು.

ಹೊರಟೆವು. ಆದರೆ ನನ್ನ ಬಾಯಿ ಕಟ್ಟಿತು. ಉಳಿದ ದಾರಿಯಲ್ಲಿ ಒಂದು ಪದವೂ ಹೊರಡಲಿಲ್ಲ. ಭಾವ ಪೆಡಲಿನ ಎಳೆತವೊಂದನ್ನೇ ನಂಬಿ ತುಳಿದರು. ನಾವು ಮುಗಿಸಿದಾಗ ನಮ್ಮ ಹಿಂದೆ ಇನ್ನೂ ಸವಾರರು ಬರುತ್ತಿದ್ದರು.

ಟೀ ಅಂಗಡಿಯಲ್ಲಿ ಕೂತ ಮೇಲೆ ಭಾವ, "ಮಾಪ್ಳೆ, ಈಗ ಹೇಳು. ನೋಡಿದ್ದೆಲ್ಲ," ಅಂದರು. ಹೆಂಡತಿಯ ತಮ್ಮನಾದ ನನ್ನನ್ನು ಅವರು ಕರೆಯುವುದೇ ಹಾಗೆ, ತಮಿಳಿನ ವಾಡಿಕೆಯಲ್ಲಿ. ಮರಳು, ಚಕ್ರ, ಕಲ್ಲು, ಒಂದೊಂದಾಗಿ ಹೇಳಿದೆ. ಕೊನೆಗೆ, ಇನ್ನು ಇಳಿಜಾರು ಬೇಡ, ಸಮತಟ್ಟು ರಸ್ತೆ ಸಾಕು ಅಂದೆ. ಚಳಿಗಾಲ ಮುಗಿಯುವುದರೊಳಗೆ ಬೆಟ್ಟದ ಮೇಲಿನ ಕೋತಗಿರಿಗೆ ಏರಿ ಇಳಿಯಬೇಕೆಂದು ಭಾವ ಆಸೆ ಇಟ್ಟುಕೊಂಡಿದ್ದರು.

"ಸೈಕಲ್ಲಲ್ಲಿ ಹತ್ತಿ, ಬಸ್ಸಲ್ಲಿ ಇಳಿಯೋಣವಾ? ಸೈಕಲ್ಲಿಗೆ ಕಿಟಕಿ ಸೀಟು ಕೇಳು," ಎಂದು ಚುಚ್ಚಿದರು. ಆಮೇಲೆ ಲೋಟ ಕೆಳಗಿಟ್ಟರು. "ಅವನು ಬಿದ್ದ ಸದ್ದಿಗೆ ನಾನು ಹೆದರಲಿಲ್ಲ. ನೀನು ಸುಮ್ಮನಾದೆಯಲ್ಲ, ಅದಕ್ಕೆ ಹೆದರಿದೆ."

ಮನೆಯಲ್ಲಿ ಎಲ್ಲ ಕೇಳಿದ ಅಕ್ಕ, ಮೊದಲು ಇವನ ಬಾಯಿ ಸರಿಹೋಗಲಿ, ಬೆಟ್ಟ ಆಮೇಲೆ ಅಂದಳು. ಚಳಿಗಾಲದ ಅಭ್ಯಾಸ ನಿಗದಿಯಾದದ್ದು ಹಾಗೆ. ಪ್ರತಿ ಭಾನುವಾರ ಮಂಜು ಕರಗಿದ ಮೇಲೆ ಅದೇ ರಸ್ತೆಯಲ್ಲಿ ಸ್ವಲ್ಪ ಏರುವುದು, ಕಂಡದ್ದೆಲ್ಲ ಹೇಳುತ್ತ ನಿಧಾನ ಇಳಿಯುವುದು. ವಾರಕ್ಕೊಂದು ತಿರುವು ಹೆಚ್ಚು. ಮಾರ್ಗಳಿ, ಅಂದರೆ ಧನುರ್ಮಾಸ, ಕಳೆದ ಮೇಲೆ ಕೋತಗಿರಿ.

ಹೋದ ಭಾನುವಾರ ಶುರು ಮಾಡಿದೆವು. ಇಳಿಯುತ್ತ ಅವನು ಬಿದ್ದ ತಿರುವು ಬಂದಾಗ ಬೆರಳುಗಳು ಬ್ರೇಕಿನ ಮೇಲೆ ಬಿಗಿದವು. ಹಿಂದಿನ ಸೀಟು ಕಾಯುತ್ತಿತ್ತು.

"ಎಡಕ್ಕೆ," ಅಂದೆ. "ಅಂಚಲ್ಲಿ ಮರಳಿದೆ. ನಡುವೆ ಇಲ್ಲ. ಗೋಡೆ ಮೇಲೆ ಒಂದು ಕೋತಿ ಕೂತಿದೆ."

"ಮುಖ ಹೇಗಿದೆ?"

"ನಿಮ್ಮ ಥರಾನೇ, ಭಾವ."

ಅವರು ನಕ್ಕದ್ದಕ್ಕೆ ಸೈಕಲ್ಲು ಹ್ಯಾಂಡಲ್ಲಿನವರೆಗೂ ಅಲುಗಾಡಿತು. ಮುಂದಿನ ತಿರುವು ಬಲಕ್ಕಿತ್ತು. ಅದನ್ನೂ ಹೇಳಿದೆ.